ಬೈಕಿಗೆ ರೇಡಾರ್ ಡಿಟೆಕ್ಟರ್: ಕಲಬುರಗಿ–ಹುಮನಾಬಾದ್–ಹೈದರಾಬಾದ್ ಹಾದಿಗೆ ಯಾವುದು ಛಲೋ?

ತೊಗರಿಕಣಜ, ಕಲಬುರಗಿ

ಎಲ್ರಿಗೂ ನಮಸ್ಕಾರ ರೀ. ನನ್ನ ಡೊಮಿನಾರ್ 400 ಬೈಕಿಗೆ ಒಂದು ರೇಡಾರ್ ಡಿಟೆಕ್ಟರ್, ಅಂದ್ರ ಪೊಲೀಸರ ಸ್ಪೀಡ್ ಗನ್ನಿನ ಅಲೆ ಹಿಡಿದು ಬೀಪ್ ಕೊಡೋ ಡಬ್ಬಿ, ಹಚ್ಚಬೇಕಂತ ನೋಡ್ಲತೀನಿ. ತಿಂಗಳಿಗೆ ಎರಡು ಸಲ ಕಲಬುರಗಿಯಿಂದ ಹುಮನಾಬಾದ್, ಅಲ್ಲಿಂದ 65ನೇ ಹೈವೇ ಹಿಡಿದು ಜಹೀರಾಬಾದ್ ಮ್ಯಾಲಿಂದ ಹೈದರಾಬಾದ್. ನಡುನಡುವ 50ನೇ ಹೈವೇ ಮ್ಯಾಲ ಜೇವರ್ಗಿ, ಸಿಂದಗಿ ದಾಟಿ ವಿಜಯಪುರ. ಸ್ಪೀಡ್ ಗನ್ ಎಲ್ಲಿ ನಿಂತಿರತದ ಗೊತ್ತಾಗಂಗಿಲ್ಲ, ಚಲನ್ ಮೊಬೈಲಿಗೆ ಬಂದಮ್ಯಾಲೇ ತಿಳೀತದ.

ಕೇಳೋದು ಇಷ್ಟು. ಎಕ್ಸ್, ಕೆ, ಕೆಎ ಅಂತ ರೇಡಿಯೋ ಅಲೆದ ಬ್ಯಾಂಡ್ ಬರದಿರತಾರ, ನಮ್ಮ ಕಡೆ ಯಾವುದು ಬೇಕು? ಆನ್‌ಲೈನ್‌ನ್ಯಾಗ "16 ಬ್ಯಾಂಡ್, 360 ಡಿಗ್ರಿ" ಅಂತ ಅಗ್ಗದ ಡಬ್ಬಿ ಸಿಗ್ಲತಾವ, ಅವು ನಡೀತಾವೇನು? ಕಾರಿನ ಡಿಟೆಕ್ಟರ್ ಬೈಕಿಗೆ ಹಚ್ಚಿದ್ರ ಮಳಿ, ಎರಿಮಣ್ಣಿನ ಧೂಳು, ನಮ್ಮ ಬ್ಯಾಸಗಿ ತಡೀತದೇನು? ಹೆಲ್ಮೆಟ್ ಹಾಕ್ಕೊಂಡಾಗ ಬೀಪ್ ಕೇಳಸ್ತದೋ ಇಲ್ಲೋ? ವೈರಿಂಗ್ ಹೆಂಗ ಮಾಡಬೇಕು? 30,000 ತನಕ ಹಾಕಬಲ್ಲೆ. ತಿಳಿದವರು ಬಿಡಿಸಿ ಹೇಳ್ರಿ.

ಕಾರಂಜಾ_ಕೆರೆ, ಬೀದರ್

ತೊಗರಿಕಣಜ ಅವರೇ, ಬ್ಯಾಂಡ್ ವಿಚಾರಕ್ಕೆ ಬರುವ ಮೊದಲು ಒಂದು ಮಾತು. ನಿಮ್ಮ ಹಾದಿಯಲ್ಲಿ ನಿಲ್ಲುವ ಗನ್‌ಗಳು ಹೆಚ್ಚಾಗಿ ಲೇಸರ್ ಗನ್‌ಗಳು, ರೇಡಾರ್ ಅಲ್ಲ. ಈ ಒಂದು ಸಂಗತಿಯ ಮೇಲೆ ನಿಮ್ಮ 30,000 ರೂಪಾಯಿ ನಿಂತಿದೆ.

ರೇಡಾರ್ ಗನ್ ರೇಡಿಯೋ ಅಲೆ ಬಿಡುತ್ತದೆ. ಅಲೆ ಅಗಲವಾಗಿ ಹರಡುತ್ತದೆ, ಮುಂದಿನ ಲಾರಿಗೆ ಬಡಿದು ಚದುರುತ್ತದೆ. ಗನ್ ನಿಮ್ಮ ಮುಂದಿನವನಿಗೆ ಗುರಿ ಇಟ್ಟಾಗಲೇ ಚದುರಿದ ಅಲೆಯನ್ನು ಒಂದು ಕಿಲೋಮೀಟರ್ ಹಿಂದಿರುವ ಡಿಟೆಕ್ಟರ್ ಹಿಡಿಯಬಲ್ಲದು. ಡಿಟೆಕ್ಟರಿನ ಲಾಭವೆಲ್ಲ ಇದರಲ್ಲೇ ಇದೆ.

ಲೇಸರ್ ಗನ್ ಬಿಡುವುದು ಸುಮಾರು 905 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಬೆಳಕು. ಅದು ಹರಡುವುದೇ ಇಲ್ಲ ಅನ್ನಬಹುದು. ಸಾಮಾನ್ಯ ಗನ್ನಿನ ಕಿರಣ ಪ್ರತಿ 100 ಮೀಟರಿಗೆ 30 ಸೆಂಟಿಮೀಟರ್ ಅಗಲವಾಗುತ್ತದೆ. 300 ಮೀಟರ್ ದೂರದಲ್ಲಿ ಬೈಕಿನ ಮೇಲೆ ಬೀಳುವ ಚುಕ್ಕೆ 90 ಸೆಂಟಿಮೀಟರ್, ಅಂದರೆ ಹೆಡ್‌ಲೈಟು, ಮುಂದಿನ ನಂಬರ್ ಪ್ಲೇಟು, ಎರಡೂ ಮೊಣಕಾಲು ಸೇರಿ ಅಷ್ಟೇ. ಗನ್ ಹಿಡಿದವರು ಕನ್ನಡಿಯೊಳಗಿನ ಕೆಂಪು ಚುಕ್ಕೆಯನ್ನು ನಿಮ್ಮ ಹೆಡ್‌ಲೈಟಿನ ಮೇಲಿಟ್ಟು ಗುಂಡಿ ಒತ್ತುತ್ತಾರೆ. ಅರ್ಧ ಸೆಕೆಂಡಿನೊಳಗೆ ವೇಗ, ದೂರ, ಫೋಟೋ ಮೂರೂ ದಾಖಲಾಗುತ್ತವೆ. ನಿಮ್ಮ ಮುಂದಿನವನಿಗೆ ಹೊಡೆದ ಕಿರಣ ನಿಮ್ಮ ತನಕ ಬರುವುದೇ ಇಲ್ಲ. ನಿಮ್ಮ ಡಿಟೆಕ್ಟರ್ "ಲೇಸರ್" ಎಂದು ಕೂಗಿತೆಂದರೆ ನಿಮ್ಮ ವೇಗ ಆಗಲೇ ದಾಖಲಾಗಿದೆ. 80ರಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಬೆರಳು ಬ್ರೇಕ್ ಲಿವರ್ ಮುಟ್ಟುವುದರೊಳಗೆ ಎಲ್ಲ ಮುಗಿದಿರುತ್ತದೆ.

ಆ ಕೂಗಿಗೆ ಬೆದರಿ ಗಕ್ಕನೆ ಬ್ರೇಕ್ ಒತ್ತುವುದು ಇನ್ನೊಂದು ಅಪಾಯ. ಹುಮನಾಬಾದ್ ದಾಟಿದ ಮೇಲೆ ನಿಮ್ಮ ಬೆನ್ನಿಗೆ ಸಿಮೆಂಟ್ ಬಲ್ಕರ್ ಇರುತ್ತದೆ. ನೀವು ಬೈಕು ನಿಲ್ಲಿಸುವಷ್ಟು ದೂರದಲ್ಲಿ ಆ ಲಾರಿ ನಿಲ್ಲುವುದಿಲ್ಲ. ಚಲನ್‌ಗಿಂತ ನನಗೆ ಇದರ ಭಯವೇ ಹೆಚ್ಚು.

ಕಂಬದ ಮೇಲಿನ ಕ್ಯಾಮೆರಾಗಳ ಕಥೆ ಬೇರೆ. ಕೆಲವು 24 ಗಿಗಾಹರ್ಟ್ಸ್ ಸುತ್ತಿನ ಸಣ್ಣ ರೇಡಾರ್ ಇಟ್ಟುಕೊಂಡಿರುತ್ತವೆ, ಅದು ಕೆ ಬ್ಯಾಂಡ್. ಅವುಗಳ ಶಕ್ತಿ ಕಡಿಮೆ, ಆದ್ದರಿಂದ ಹತ್ತಿರ ಹೋದಾಗಲೇ ಗೊತ್ತಾಗುವುದು. ಇನ್ನು ಕೆಲವು ಎರಡು ಕಂಬಗಳ ನಡುವಿನ ಸರಾಸರಿ ಲೆಕ್ಕ ಹಾಕುತ್ತವೆ. 12 ಕಿಲೋಮೀಟರ್ ದೂರವನ್ನು 8 ನಿಮಿಷದಲ್ಲಿ ಮುಗಿಸಿದರೆ ಸರಾಸರಿ 90. ಕಂಬದ ಹತ್ತಿರ ಮಾತ್ರ ನಿಧಾನ ಮಾಡಿ ಉಪಯೋಗವಿಲ್ಲ. ಬರೀ ನಂಬರ್ ಪ್ಲೇಟ್ ಓದಿ ಸಮಯ ಗುರುತು ಹಾಕುವ ಕ್ಯಾಮೆರಾ ಯಾವ ಅಲೆಯನ್ನೂ ಬಿಡುವುದಿಲ್ಲ, ಡಿಟೆಕ್ಟರಿಗೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ.

ಈಗ ಬ್ಯಾಂಡ್. ಪೊಲೀಸ್ ರೇಡಾರ್‌ಗೆ ಜಗತ್ತಿನಲ್ಲಿ ಮುಖ್ಯವಾಗಿ ಬಳಕೆಯಲ್ಲಿರುವುದು ಮೂರು: 10.5 ಗಿಗಾಹರ್ಟ್ಸ್ ಹತ್ತಿರದ ಎಕ್ಸ್, 24.15ರ ಹತ್ತಿರದ ಕೆ, 33.4ರಿಂದ 36ರವರೆಗಿನ ಕೆಎ. ಎಕ್ಸ್ ಹಳೆಯದು. ಕೆಎ ಅಮೆರಿಕದಲ್ಲಿ ಹೆಚ್ಚು. ನಮ್ಮಲ್ಲಿ ಏನಾದರೂ ಕೇಳಿಸಿದರೆ ಅದು ಕೆ. ಹಾಗಿದ್ದ ಮೇಲೆ "16 ಬ್ಯಾಂಡ್" ಎಲ್ಲಿಂದ ಬಂತು? ಒಂದೇ ಬ್ಯಾಂಡನ್ನು ಚೂರು ಮಾಡಿ ಎಣಿಸಿದ್ದಾರೆ, ಲೇಸರನ್ನೂ ಸೇರಿಸಿದ್ದಾರೆ. ಆ ಡಬ್ಬಿಗಳ ಒಳಗಿನ ಆಂಟೆನಾ ಸಣ್ಣದು, ಶೋಧಿಸುವ ಸರ್ಕ್ಯೂಟ್ ಇನ್ನೂ ಕಳಪೆ. ಬೇಕಾದಾಗ ಸುಮ್ಮನಿರುತ್ತವೆ, ಬೇಡದಾಗ ಕಿರುಚುತ್ತವೆ. ತೆಗೆದುಕೊಳ್ಳಬೇಡಿ.

ಡಿಟೆಕ್ಟರ್ ನಿಜಕ್ಕೂ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಮಾಲ್ ಅಥವಾ ದೊಡ್ಡ ಶೋರೂಮಿನ ತಾನೇ ತೆರೆಯುವ ಗಾಜಿನ ಬಾಗಿಲ ಮೇಲಿನ ಸೆನ್ಸರ್ ಬಹಳ ಕಡೆ 24 ಗಿಗಾಹರ್ಟ್ಸಿನದೇ. 30–40 ಮೀಟರ್ ದೂರದಲ್ಲಿ ಡಿಟೆಕ್ಟರನ್ನು ಆ ಕಡೆ ತಿರುಗಿಸಿ ಹಿಡಿಯಿರಿ. ಕೆ ತೋರಿಸಿದರೆ ಕಿವಿ ಇದೆ ಎಂದರ್ಥ. ಕೆಲವು ಬಾಗಿಲು ಇನ್‌ಫ್ರಾರೆಡ್‌ನವು, ಆದ್ದರಿಂದ ಎರಡು ಮೂರು ಕಡೆ ಹಿಡಿದು ನೋಡಿ. ಇದೇ ಕಾರಣಕ್ಕೆ ಹೈದರಾಬಾದಿನೊಳಗೆ ಹೊಕ್ಕ ಕೂಡಲೇ ಅದು ಎಡೆಬಿಡದೆ ಕೂಗುತ್ತದೆ. ಹೊಸ ಕಾರುಗಳ ಬದಿಯ ಬ್ಲೈಂಡ್ ಸ್ಪಾಟ್ ರೇಡಾರ್ ಕೂಡ ಹಲವು ಕಾರುಗಳಲ್ಲಿ 24 ಗಿಗಾಹರ್ಟ್ಸೇ. ಇದನ್ನು ಸೋಸುವ ಕೆ ಫಿಲ್ಟರ್ ಇಲ್ಲದ ಡಿಟೆಕ್ಟರ್ ಇಟ್ಟುಕೊಂಡರೆ ಎರಡನೇ ದಿನಕ್ಕೆ ಅದರ ಮಾತನ್ನು ನೀವು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಒಳ್ಳೆಯ ಹೆಸರುಗಳು ವ್ಯಾಲೆಂಟೈನ್ ಒನ್, ಯುನಿಡೆನ್, ಎಸ್ಕಾರ್ಟ್. ಮೂರೂ ಅಮೆರಿಕದ ಮಾರುಕಟ್ಟೆಗೆ ಕಾರಿಗಾಗಿ ಮಾಡಿದವು. ಬೈಕಿಗೆಂದೇ ಬಂದದ್ದು ಅಡಾಪ್ಟಿವ್ ಕಂಪನಿಯ ಟಿಪಿಎಕ್ಸ್: ನೀರು ತಡೆಯುವ ಕವಚ, ಹ್ಯಾಂಡಲ್ ಮೌಂಟ್, ಕಣ್ಣಿಗೆ ರಾಚುವ ಎಲ್‌ಇಡಿ ಇತ್ತು. ವ್ಯಾಲೆಂಟೈನ್ ಒನ್ ಜೆನ್2 ಬೆಲೆ 2020ರಲ್ಲಿ ಬಂದಾಗ 499 ಡಾಲರ್ ಇತ್ತು. ಸುಂಕ ಸೇರಿದರೆ ನಿಮ್ಮ 30,000 ಸಾಲುವುದಿಲ್ಲ. ಕೆಟ್ಟರೆ ರಿಪೇರಿಗೆ ಮತ್ತೆ ಸಮುದ್ರ ದಾಟಿಸಬೇಕು.

ಜಾಮರ್ ಮಾತಂತೂ ತೆಗೆಯಲೇಬೇಡಿ. ಡಿಟೆಕ್ಟರ್ ಬರೀ ಕೇಳುತ್ತದೆ, ಜಾಮರ್ ಗನ್ನಿನ ಓದು ಕೆಡಿಸಲು ತಾನೇ ಅಲೆ ಬಿಡುತ್ತದೆ. ಪರವಾನಗಿ ಇಲ್ಲದೆ ಹಾಗೆ ಬಿಡುವುದು ಅಪರಾಧ.

ಸಗರನಾಡು_ಆಟೋ_ಎಲೆಕ್ಟ್ರಿಕಲ್, ಶಹಾಪುರ

ಬೀದರ್ ಸರ್ ಹೇಳಿದ್ದು ಖರೇ ಅದ. ಆದ್ರೂ ಕೆಲವರು ಹಚ್ಚೇ ಹಚ್ಚತಾರ. ಇದೇ ವೈರಿಂಗ್ ಜಿಪಿಎಸ್, ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್ ಎಲ್ಲದಕ್ಕೂ ನಡೀತದ, ಅದಕ್ಕ ಬರೋಬ್ಬರಿ ಬರೀತೀನಿ.

ಮೊದಲ ಲೆಕ್ಕ. ಡಿಟೆಕ್ಟರ್ ಕಾಲು ಆಂಪಿಯರ್‌ನಿಂದ ಅರ್ಧ ಆಂಪಿಯರ್ ತನಕ ಎಳೀತದ. ಡೊಮಿನಾರ್ ಬ್ಯಾಟರಿ 8 ಆಂಪಿಯರ್-ಅವರ್. ನೇರ ಬ್ಯಾಟರಿಗಿ ಹಚ್ಚಿ ರಾತ್ರಿ ಬಂದ್ ಮಾಡೋದು ಮರೆತ್ರ, 0.4 ಆಂಪಿಯರ್ ಹತ್ತು ತಾಸಿಗೆ 4 ಆಂಪಿಯರ್-ಅವರ್ ತಿಂತದ. ಅರ್ಧ ಬ್ಯಾಟರಿ ಹೋಯ್ತು, ಮುಂಜಾನೆ ಸೆಲ್ಫ್ ಎತ್ತಂಗಿಲ್ಲ. ಅದಕ್ಕ ಕೀಲಿ ಬಂದ್ ಮಾಡಿದ್ರ ಕರೆಂಟ್ ಬಂದ್ ಆಗೋ ವೈರಿನಿಂದನೇ ತಗೋಬೇಕು.

ಇಂಥಾ ಸಣ್ಣ ಲೋಡಿಗಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಚಾಲೂ-ಬಂದ್ ಮಾಡೋ ಸ್ವಿಚ್) ಹಾಕೋದು ದಂಡ. ರಿಲೇದ ಕಾಯಿಲ್ ತಾನೇ 0.15 ಆಂಪಿಯರ್ ತಿಂತದ. ಡಿಟೆಕ್ಟರ್ ಒಂದೇ ಇದ್ರ ಪಾರ್ಕಿಂಗ್ ಲೈಟಿನ ವೈರಿನಿಂದ 2 ಆಂಪಿಯರ್ ಫ್ಯೂಸ್ ಹಾಕಿ ತಗೋರಿ, ಸಾಕು. ಮುಂದ ಚಾರ್ಜರ್, ಫಾಗ್ ಲೈಟ್ ಹಚ್ಚೋ ವಿಚಾರ ಇದ್ರ ಆಗ ರಿಲೇ ಬೇಕು, ಅದರ ಪಿನ್ನಿನ ನಂಬರ್ ನೋಡಿ ಹಚ್ರಿ: 30ಕ್ಕ ಬ್ಯಾಟರಿ ಪ್ಲಸ್, ನಡುವ ಫ್ಯೂಸ್, ಬ್ಯಾಟರಿಯಿಂದ ಒಂದು ಗೇಣಿನೊಳಗ, 86ಕ್ಕ ಪಾರ್ಕಿಂಗ್ ಲೈಟಿನ ವೈರ್, 85 ಅರ್ಥಿಂಗ್, 87ರಿಂದ ಸಾಮಾನಿಗಿ. ಹೆಡ್‌ಲೈಟ್ ವೈರ್ ಮುಟ್ಟಬ್ಯಾಡ್ರಿ.

ಸಾಮಾನು: 1 ಸ್ಕ್ವೇರ್ ಎಂಎಂ ಕೆಂಪು, ಕಪ್ಪು ವೈರ್ ಎರಡೆರಡು ಮೀಟರ್, ಬ್ಲೇಡ್ ಫ್ಯೂಸ್ ಹೋಲ್ಡರ್ ಒಂದು, 6 ಎಂಎಂ ರಿಂಗ್ ಟರ್ಮಿನಲ್ ಎರಡು, ಬುಲೆಟ್ ಕನೆಕ್ಟರ್ ನಾಲ್ಕು ಜೋಡಿ, ಹೀಟ್ ಶ್ರಿಂಕ್ (ಬಿಸಿ ಮಾಡಿದ್ರ ಬಿಗಿಯೋ ಕೊಳವಿ), ಟೈ. ವೈರಿನ ಮ್ಯಾಲ ಒತ್ತಿ ಚುಚ್ಚೋ ನೀಲಿ ಕ್ಲಿಪ್ ಬರತಾವಲ್ಲ, ಅವು ಬ್ಯಾಡ. ಚುಚ್ಚಿದ ತೂತಿನ್ಯಾಗ ಮಳಿ ನೀರು ಹೊಕ್ಕು ತಾಮ್ರ ಹಸಿರಾಗತದ, ಎರಡನೇ ಮಳಿಗಾಲಕ್ಕ ಪಾರ್ಕಿಂಗ್ ಲೈಟೂ ಹೋಗತದ. ಬೆಸಿಗಿ ಹಾಕಿದ್ರೂ ಬೈಕಿನ ನಡುಕಕ್ಕ ಬೆಸಿಗಿ ಮುಗಿಯೋ ಜಾಗದಾಗೇ ವೈರ್ ಮುರೀತದ, ಯಾಕಂದ್ರ ಸೀಸ ಒಳಗ ಹರಿದು ವೈರ್ ಅಲ್ಲಿತನಕ ಕಡ್ಡಿ ಆಗಿರತದ. ಕ್ರಿಂಪ್ ಮಾಡಿ, ಅಂದ್ರ ಇಕ್ಕಳದಿಂದ ಒತ್ತಿ ಬಿಗಿದು, ಹೀಟ್ ಶ್ರಿಂಕ್ ಏರಿಸಿ, ಜೋಡಣಿಯಿಂದ ಎರಡು ಬೆರಳು ದೂರದಾಗ ಟೈ ಬಿಗೀರಿ.

ಬಿಚ್ಚುವಾಗ ಮೈನಸ್ ಮೊದಲು, ಹಚ್ಚುವಾಗ ಮೈನಸ್ ಕಡೀಕ. ಅರ್ಥಿಂಗ್ ಬಣ್ಣ ಹಚ್ಚಿದ ಬೋಲ್ಟಿಗಿ ಕೊಡಬ್ಯಾಡ್ರಿ, ಬ್ಯಾಟರಿ ಮೈನಸ್‌ಗೇ ತರ್ರಿ. ವೈರ್ ಟ್ಯಾಂಕಿನ ಕೆಳಗ ಕಂಪನಿ ಹಾರ್ನೆಸ್ (ವೈರಿನ ಕಟ್ಟು) ಜೋಡಿ ಹೋಗಲಿ, ಇಂಜಿನ್ ಹೆಡ್, ಸೈಲೆನ್ಸರ್ ಮುಟ್ಟಬಾರದು. ಹ್ಯಾಂಡಲ್ ಎರಡೂ ಕಡೆ ಪೂರಾ ತಿರುವಿ ನೋಡ್ರಿ, ಕುತ್ತಿಗಿ ಹತ್ರ ಒಂದು ಮುಷ್ಟಿಯಷ್ಟು ಸಡಿಲ ಇರಬೇಕು. ಬಿಗಿ ಇದ್ರ ಆರು ತಿಂಗಳಾಗ ಒಳಗಿನ ಎಳಿ ತುಂಡಾಗತದ, ಹೊರಗ ಪ್ಲಾಸ್ಟಿಕ್ ಹಂಗೇ ಕಾಣಸ್ತದ. ದೋಷ ಹುಡುಕೋದು ಭಾಳ ತ್ರಾಸ.

ಹಚ್ಚೋ ಮುಂಚೆ ಬ್ಯಾಟರಿಗಿ ಮಲ್ಟಿಮೀಟರ್ ಹಿಡೀರಿ. ಇಂಜಿನ್ ಚಾಲೂ ಮಾಡಿ ಜರಾ ರೇಸ್ ಕೊಟ್ರ 13.5ರಿಂದ 14.5 ವೋಲ್ಟ್ ಬರಬೇಕು. 15 ದಾಟಿದ್ರ ವೋಲ್ಟ್ ಹದ್ದಿನ್ಯಾಗ ಇಡೋ ರೆಗ್ಯುಲೇಟರ್ ರೆಕ್ಟಿಫೈಯರ್ ಕೆಟ್ಟದ ಅಂತ ತಿಳೀರಿ, ಅದನ್ನ ಬದಲಿ ಮಾಡದ ಯಾವ ಸಾಮಾನೂ ಹಚ್ಚಬ್ಯಾಡ್ರಿ.

ಡಿಟೆಕ್ಟರಿನ ಹಿಂದ ಲ್ಯಾಂಡ್‌ಲೈನ್ ಫೋನಿನಂಥಾ ಪಿನ್ ಇರತದ. ಕಾರಿನ್ಯಾಗ ಅದು ನಿಲ್ಲತದ, ಬೈಕಿನ್ಯಾಗ ನಡುಕಕ್ಕ ಹೊರಗ ಜಾರತದ. ವೈರ್‌ನ ಡಬ್ಬಿ ಜೋಡಿಯೇ ಒಂದು ಸಣ್ಣ ಟೈಯಿಂದ ಕಟ್ಟಿ, ಎಳೆತ ಪಿನ್ ಮ್ಯಾಲ ಬೀಳದಂಗ ಮಾಡ್ರಿ.

ಮಳಿ, ಬಿಸಿಲಿನ ಮಾತು. ಕಾರಿನ ಡಿಟೆಕ್ಟರಿಗಿ ನೀರು ತಡಿಯೋ ರೇಟಿಂಗ್ ಇರಂಗಿಲ್ಲ. ತೆಳು ಪ್ಲಾಸ್ಟಿಕ್ ಚೀಲದಾಗ ಇಟ್ರ ರೇಡಾರ್ ಅಲೆ ದಾಟತದ, ಲೋಹ ಅಡ್ಡ ಬಂದ್ರ ದಾಟಂಗಿಲ್ಲ. ಆದ್ರ ಆ ಚೀಲ ಮುಚ್ಚಿ ನಮ್ಮ ಏಪ್ರಿಲ್, ಮೇ ಬಿಸಿಲಿಗಿ ಇಟ್ಟರ ಒಳಗಿನ ಬಿಸಿ ಹೊರಗಿನ 43 ಡಿಗ್ರಿಗಿಂತ ಭಾಳ ಜಾಸ್ತಿ ಏರತದ. ಒಳಗ ಲಿಥಿಯಂ ಬ್ಯಾಟರಿ ಇರೋ ಸಾಮಾನು ಹ್ಯಾಂಡಲ್ ಮ್ಯಾಲ ಬ್ಯಾಡೇ ಬ್ಯಾಡ, ಉಬ್ಬತದ. ವೈರಿನಿಂದ ನಡಿಯೋದೇ ಛಲೋ.

ತೊಗರಿಕಣಜ, ಕಲಬುರಗಿ

ಇಷ್ಟು ಬಿಡಿಸಿ ಹೇಳಿದ್ದಕ್ಕ ಇಬ್ಬರಿಗೂ ಶರಣು ರೀ. ಲೇಸರ್ ಇದ್ದಾಗ ಉಪಯೋಗ ಇಲ್ಲ ಅಂದಮ್ಯಾಲ ಡಿಟೆಕ್ಟರ್ ವಿಚಾರ ಬಿಟ್ಟೆ. ಹಂಗಾದ್ರ ಚಲನ್ ಬರದಂಗ ಏನ್ ಮಾಡಬೇಕು? ಮೀಟರಿನ್ಯಾಗ 80 ತೋರಿಸಿದ್ರ ಗನ್ನಿನ್ಯಾಗ ಎಷ್ಟು ಬರತದ? ಟೈರ್ ಬದಲಿ ಮಾಡೋದದ, ಅದರಿಂದ ಫರಕ್ ಆಗತದೇನು?

ಮಾಪನ_ಮೇಷ್ಟ್ರು, ಯಾದಗಿರಿ

ಒಳ್ಳೆಯ ಪ್ರಶ್ನೆ. ಮೊದಲು ಮಿತಿ ಎಷ್ಟು ನೋಡೋಣ. 2018ರ ಏಪ್ರಿಲ್‌ನ ಕೇಂದ್ರ ಅಧಿಸೂಚನೆಯಲ್ಲಿ ಬೈಕಿಗೆ ಕೊಟ್ಟದ್ದು ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ 80, ಊರೊಳಗೆ ಮತ್ತು ಉಳಿದ ರಸ್ತೆಗಳಲ್ಲಿ 60. ಅದೇ ನಾಲ್ಕು ಪಥದಲ್ಲಿ ಕಾರಿಗೆ 100. ಬಹಳ ಬೈಕಿನವರು ಸಿಕ್ಕಿಬೀಳುವುದು ಇಲ್ಲೇ: ಮುಂದಿನ ಕಾರಿನ ಜೊತೆಗೇ ಹೋಗುತ್ತಾರೆ, ಕಾರು ಮಿತಿಯೊಳಗಿರುತ್ತದೆ, ಇವರು 20 ಮೀರಿರುತ್ತಾರೆ. ಆಯಾ ಕಡೆ ಇದಕ್ಕಿಂತ ಕಡಿಮೆ ಮಿತಿಯ ಫಲಕ ಹಾಕಿದ್ದರೆ ಫಲಕದ್ದೇ ಲೆಕ್ಕ. ಊರು ಬಂದಾಗ, ಸರ್ವಿಸ್ ರಸ್ತೆ ಕೂಡುವಲ್ಲಿ ಕಣ್ಣು ಫಲಕದ ಮೇಲಿರಲಿ.

ಮೀಟರ್ ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚು ತೋರಿಸುವಂತೆಯೇ ಮಾಡಿರುತ್ತಾರೆ. ನಿಮ್ಮದು ಎಷ್ಟು ಹೆಚ್ಚು ತೋರಿಸುತ್ತದೆ ಎಂದು ಅಳೆಯಿರಿ. ಜೇವರ್ಗಿ ರಸ್ತೆಯಂಥ ಸಮನೆಯ ನೆಟ್ಟನೆಯ ಹಾದಿಯಲ್ಲಿ, ವಾಹನ ಕಡಿಮೆ ಇರುವ ಬೆಳಗಿನ ಹೊತ್ತು, ಮೀಟರಿನಲ್ಲಿ 60 ಬಿಗಿಯಾಗಿ ಹಿಡಿದು ಐದು ಕಿಲೋಮೀಟರ್ ಕಲ್ಲು ದಾಟಿ. ಸ್ಟಾಪ್‌ವಾಚ್ ಹಿಂದೆ ಕುಳಿತವರ ಕೈಯಲ್ಲಿರಲಿ. ನಿಜವಾದ 60 ಆಗಿದ್ದರೆ 300 ಸೆಕೆಂಡ್. 315 ಬಂದರೆ ನಿಜವಾದ ವೇಗ 57. ಒಂದೇ ಕಿಲೋಮೀಟರಿನಲ್ಲಿ ಅಳೆಯಬೇಡಿ, ಕಲ್ಲು ನೆಟ್ಟ ಜಾಗ ಹತ್ತಿಪ್ಪತ್ತು ಮೀಟರ್ ಆಚೀಚೆ ಇದ್ದರೂ ಲೆಕ್ಕ ಕೆಡುತ್ತದೆ. ಮೊಬೈಲಿನ ಜಿಪಿಎಸ್ ವೇಗವನ್ನೂ ತಾಳೆ ನೋಡಿ. ಒಂದೇ ವೇಗದಲ್ಲಿ ಹತ್ತು ಸೆಕೆಂಡ್ ಹೋದ ಮೇಲಿನ ಅಂಕಿ ನಂಬಬಹುದು, ವೇಗ ಏರಿಳಿಯುವಾಗ ಅದು ಒಂದೆರಡು ಸೆಕೆಂಡ್ ಹಿಂದಿರುತ್ತದೆ.

ಟೈರಿನಿಂದ ಫರಕು ಖಂಡಿತ ಆಗುತ್ತದೆ. ನಿಮ್ಮ ಮುಂದಿನ ಟೈರ್ 110/70-17, ಅದರ ವ್ಯಾಸ ಸುಮಾರು 586 ಮಿಲಿಮೀಟರ್. ತುಳಿತ 4 ಮಿಲಿಮೀಟರ್ ಸವೆದರೆ ವ್ಯಾಸ 8 ಕಡಿಮೆ, ಮೀಟರ್ 1.4 ಶೇಕಡ ಹೆಚ್ಚು ತೋರಿಸುತ್ತದೆ. ಅದು ನಿಮ್ಮ ಪರವೇ. ಆದರೆ ಎತ್ತರ ಕಾಣಲಿ ಎಂದು 110/80-17 ಹಾಕಿದರೆ ವ್ಯಾಸ 608 ಆಗುತ್ತದೆ. ಆಗ ಮೀಟರ್ 80 ಎಂದಾಗ ಗಾಲಿ ಮೊದಲಿಗಿಂತ 3.8 ಶೇಕಡ ಹೆಚ್ಚು ಓಡಿರುತ್ತದೆ. ಕಂಪನಿ ಕೊಟ್ಟ ಅಂತರವನ್ನು ಟೈರ್ ತಿಂದುಬಿಡುತ್ತದೆ. ಸ್ಪೀಡ್ ಸೆನ್ಸರ್ ಯಾವ ಗಾಲಿಗಿದೆ ನೋಡಿ, ಆ ಗಾಲಿಗೆ ಕಂಪನಿ ಅಳತೆಯದೇ ಹಾಕಿ. ಹೊಸ ಟೈರ್ ಹಾಕಿದ ಮೇಲೆ ಮತ್ತೊಮ್ಮೆ ಅಳೆಯಿರಿ.

ಗನ್ ಪಕ್ಕದಲ್ಲಿ, ಓರೆಯಾಗಿ ನಿಂತಿತ್ತು, ಅದಕ್ಕೇ ಹೆಚ್ಚು ತೋರಿಸಿದೆ ಎಂಬ ವಾದ ಬಹಳ ಕೇಳುತ್ತೇವೆ. ನಿಂತ ಗನ್ನಿನಲ್ಲಿ ಕೋನದಿಂದ ಓದು ಕಡಿಮೆಯೇ ಆಗುತ್ತದೆ. 10 ಡಿಗ್ರಿ ಓರೆಯಾದರೆ 1.5 ಶೇಕಡ, 20 ಡಿಗ್ರಿಗೆ 6 ಶೇಕಡ ಕಡಿಮೆ. ಆ ವಾದ ಹಿಡಿದು ಹೋಗಬೇಡಿ.

ಚಲನ್ ತಪ್ಪು ಅನಿಸಿದರೆ ನೋಡಬೇಕಾದದ್ದು ಬೇರೆ. 2021ರ ಆಗಸ್ಟ್‌ನಲ್ಲಿ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿದೆ. ಅದರ ಪ್ರಕಾರ ಉಪಕರಣಕ್ಕೆ ಪ್ರತಿವರ್ಷ ನವೀಕರಿಸುವ ಅನುಮೋದನೆ ಪತ್ರ ಇರಬೇಕು, ಅಂಥ ನಿಗಾ ಇರುವ ರಸ್ತೆಯಲ್ಲಿ ಎಚ್ಚರಿಕೆಯ ಫಲಕ ಇರಬೇಕು, ನೋಟಿಸು ಘಟನೆ ನಡೆದ 15 ದಿನದೊಳಗೆ ಹೊರಡಬೇಕು. ನಂಬರ್ ಪ್ಲೇಟ್ ಕಾಣುವ ಫೋಟೋ, ಉಪಕರಣದ ಓದು, ದಿನಾಂಕ, ಸಮಯ, ಸ್ಥಳ ಅದರಲ್ಲಿರಬೇಕು. ಫೋಟೋದಲ್ಲಿ ನಿಮ್ಮ ಗಾಡಿಯೇ ಇದೆಯೇ ಎಂದು ಮೊದಲು ನೋಡಿ. ಅಂಕಿ ಮಸುಕಾದಾಗ 3 ಮತ್ತು 8 ಅದಲುಬದಲಾಗುವುದು ಸಾಮಾನ್ಯ.

ಇನ್ನು ಎಚ್ಚರಿಕೆಯ ಸದ್ದು. ಗೂಗಲ್ ಮ್ಯಾಪ್ಸ್ ಅಥವಾ ಮ್ಯಾಪಲ್ಸ್‌ನಲ್ಲಿ ವೇಗ ತೋರಿಸುವ ಆಯ್ಕೆ ಇದೆ. ಜಿಪಿಎಸ್ ವೇಗದ ಯಾವುದೇ ಆ್ಯಪಿನಲ್ಲಿ 76ಕ್ಕೆ ಒಂದು, 58ಕ್ಕೆ ಒಂದು ಎಚ್ಚರಿಕೆ ಇಡಿ. ನಾಲ್ಕು ಪಥದಿಂದ ಹುಮನಾಬಾದಿನಲ್ಲಿ ಇಳಿದು ಕಲಬುರಗಿ ಕಡೆ ತಿರುಗಿದಾಗ ಎರಡನೆಯದಕ್ಕೆ ಬದಲಿಸಿ. ಮೊಬೈಲ್ ಹ್ಯಾಂಡಲ್ ಮೇಲೆ ಬೇಡ. ನಮ್ಮ ಬಿಸಿಲಿಗೆ ಅದು ಕಾದು ಪರದೆ ಮಂಕಾಗಿ ಕೊನೆಗೆ ತಾನೇ ಬಂದ್ ಆಗುತ್ತದೆ, ಇಂಜಿನ್ ನಡುಕಕ್ಕೆ ಕ್ಯಾಮೆರಾದ ಅಲುಗಾಟ ತಡೆಯುವ ಭಾಗ ಕೆಡುತ್ತದೆ. ಜಾಕೆಟ್ಟಿನ ಎದೆಯ ಜೇಬಿನಲ್ಲಿದ್ದರೂ ಜಿಪಿಎಸ್ ಸಿಗುತ್ತದೆ. ಸದ್ದನ್ನು ಹೆಲ್ಮೆಟ್ ಒಳಗಿನ ಬ್ಲೂಟೂತ್ ಸ್ಪೀಕರಿಗೆ ಕಳಿಸಿ, ಕಿವಿಯೊಳಗೆ ತುರುಕುವ ಇಯರ್‌ಫೋನ್ ಬೇಡ. ಹಿಂದಿನ ಹಾರ್ನ್ ಕೇಳಬೇಕು. ಸ್ಪೀಕರ್ ಕಿವಿಯ ತೂತಿನ ನೇರಕ್ಕೆ ಬರಬೇಕು, ಒಂದು ಬೆರಳು ಸರಿದರೂ 80ರ ಗಾಳಿಯಲ್ಲಿ ಅರ್ಧ ಸದ್ದು ಹೋಗುತ್ತದೆ.

ಇನ್ನೊಂದು, 2024ರ ಆಗಸ್ಟ್‌ನಿಂದ ಕರ್ನಾಟಕದಲ್ಲಿ 130 ದಾಟಿದರೆ ಬರೀ ದಂಡವಲ್ಲ, ಎಫ್‌ಐಆರ್. ಡೊಮಿನಾರ್ ಆ ವೇಗದ ಹತ್ತಿರ ಹೋಗಬಲ್ಲ ಗಾಡಿ, ಆದ್ದರಿಂದ ಹೇಳಿದೆ.

ತೊಗರಿಕಣಜ, ಕಲಬುರಗಿ

ತಿಳೀತ್ರಿ ಮೇಷ್ಟ್ರೇ, ಹೆಲ್ಮೆಟ್ ಸ್ಪೀಕರ್ ತಗೋತೀನಿ, ಟೈರ್ 110/70 ನೇ ಹಾಕಸ್ತೀನಿ. ಶಹಾಪುರ ಅಣ್ಣಾ, ಮೊಬೈಲ್ ಜೇಬಿನ್ಯಾಗ ಚಾರ್ಜ್ ಆಗಲಿ ಅಂತ ಯುಎಸ್‌ಬಿ ಹಚ್ಚೋದದ. ಪಾರ್ಕಿಂಗ್ ಲೈಟಿನ ವೈರ್ ಯಾವುದು ಅಂತ ಹೆಂಗ ಗುರುತು ಹಿಡೀಬೇಕು?

ಸಗರನಾಡು_ಆಟೋ_ಎಲೆಕ್ಟ್ರಿಕಲ್, ಶಹಾಪುರ

ಬಣ್ಣ ನಂಬಬ್ಯಾಡ್ರಿ ತಮ್ಮಾ, ಮಾಡೆಲ್ ವರ್ಷಕ್ಕ ಬದಲಾಗತದ. ಸೀಟ್ ಬಿಚ್ಚಿ ಹಿಂದಿನ ಲೈಟಿನ ಕಪ್ಲರ್ (ವೈರ್ ಕೂಡಿಸೋ ಪ್ಲಗ್) ಹುಡುಕ್ರಿ. ಮಲ್ಟಿಮೀಟರ್ 20 ವೋಲ್ಟ್ ಡಿಸಿಗಿ ಇಟ್ಟು, ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗಿ, ಕೆಂಪು ಕಡ್ಡಿ ಕಪ್ಲರಿನ ಹಿಂಬದಿಯಿಂದ ಒಂದೊಂದೇ ಪಿನ್ನಿಗಿ ಹಿಡೀರಿ. ಕೀಲಿ ಚಾಲೂ ಮಾಡಿದ ಕೂಡ್ಲೇ 12 ಬಂದು, ಬಂದ್ ಮಾಡಿದ್ರ ಸೊನ್ನಿಗಿ ಇಳಿಯೋದೇ ಅದು. ಬ್ರೇಕ್ ಒತ್ತಿದಾಗ ಮಾತ್ರ ಬರೋದು ಬ್ರೇಕ್ ಲೈಟಿಂದು, ಮಿಣುಕೋದು ಇಂಡಿಕೇಟರಿಂದು, ಅವು ಬಿಡ್ರಿ. ಯುಎಸ್‌ಬಿ ಚಾರ್ಜರ್ ಡಿಟೆಕ್ಟರಿಗಿಂತ ಜಾಸ್ತಿ ಕರೆಂಟ್ ಎಳೀತದ. ಹಂಗಾಗಿ ನಿಮಗ ಈಗ ರಿಲೇ ಬೇಕು, ಫ್ಯೂಸ್ 5 ಆಂಪಿಯರಿಂದು ಹಾಕ್ರಿ.